ಆರೋ ಏಳೋ? ಮಾಜಿ ಸೈನಿಕರ ಸೈನಸ್ ಲೆಕ್ಕ

ಅಮೆರಿಕದ ಸೈನ್ಯದಲ್ಲಿ ದುಡಿದು ಬಂದವನಿಗೆ ವರ್ಷಕ್ಕೆ ಆರು ಸಲ ಸೈನಸ್ ಕೆರಳಿದರೆ ಅಲ್ಲಿನ ಸರ್ಕಾರದ ಪ್ರಕಾರ ಅವನ ಅಂಗವೈಕಲ್ಯ ಶೇ. 10. ಏಳನೇ ಸಲವೂ ಕೆರಳಿದರೆ ಶೇ. 30. ಹೆಂಡತಿ ಮಕ್ಕಳಿಲ್ಲದ ಒಂಟಿ ಮನುಷ್ಯನಿಗೆ 2025ರ ದರದಂತೆ ಮೊದಲನೆಯದಕ್ಕೆ ತಿಂಗಳಿಗೆ 175 ಡಾಲರ್ ಚಿಲ್ಲರೆ, ಎರಡನೆಯದಕ್ಕೆ 537 ಡಾಲರ್ ಚಿಲ್ಲರೆ. ಈ ಹಣಕ್ಕೆ ಆದಾಯ ತೆರಿಗೆಯಿಲ್ಲ. ಆ ಏಳನೇ ಸಲ ನಿಜವಾಗಿ ಬಂದಿತ್ತೇ ಎಂಬ ವಾದ ಕೆಲವೊಮ್ಮೆ ವರ್ಷಗಟ್ಟಲೆ ಎಳೆಯುತ್ತದೆ.

ನೆಗಡಿಯಂಥ ರೋಗವಿಲ್ಲ ಎಂಬ ಗಾದೆ ನಮ್ಮಲ್ಲೇ ಇದೆ. ಆದರೆ ಸೈನಸೈಟಿಸ್ ಎಂದರೆ ಬರೀ ನೆಗಡಿಯಲ್ಲ. ಕೆನ್ನೆ, ಹಣೆ, ಕಣ್ಣುಗಳ ನಡುವೆ ಮತ್ತು ಮೂಗಿನ ಹಿಂದಿನ ಆಳದಲ್ಲಿ ತಲೆಬುರುಡೆಯೊಳಗೆ ನಾಲ್ಕು ಜೊತೆ ಗಾಳಿಗೂಡುಗಳಿವೆ. ಅವುಗಳ ಒಳಪೊರೆ ಊದಿಕೊಂಡು, ಲೋಳೆ ಹೊರಹೋಗುವ ಸಣ್ಣ ದಾರಿ ಮುಚ್ಚಿದರೆ ಮುಖವೆಲ್ಲ ಭಾರ. ಬಗ್ಗಿದರೆ ತಲೆ ಸಿಡಿಯುತ್ತದೆ, ಮೂಗಿನಿಂದ ಕೀವು ಸುರಿಯುತ್ತದೆ, ಹೂವಿನ ವಾಸನೆಯೂ ಸಾಂಬಾರಿನ ವಾಸನೆಯೂ ತಿಳಿಯದಂತಾಗುತ್ತದೆ. ಹನ್ನೆರಡು ವಾರ ಕಳೆದರೂ ಬಿಡದಿದ್ದರೆ ವೈದ್ಯರು ಅದನ್ನು ದೀರ್ಘಕಾಲದ ಸೈನಸೈಟಿಸ್ ಎನ್ನುತ್ತಾರೆ.

ಸೈನಿಕರಿಗೆ ಇದು ಅಂಟಿಕೊಂಡ ಬಗೆಗೆ ದೊಡ್ಡ ಉದಾಹರಣೆ ಇರಾಕಿನ ಬಲಾದ್ ನೆಲೆ. ಅಲ್ಲಿ ಸುಮಾರು ಹತ್ತು ಎಕರೆ ಹರವಿನ ಬಯಲು ಗುಂಡಿಯಲ್ಲಿ ಪ್ಲಾಸ್ಟಿಕ್, ಬ್ಯಾಟರಿ, ಬಣ್ಣದ ಡಬ್ಬಿ, ಆಸ್ಪತ್ರೆಯ ಕಸ ಎಲ್ಲವನ್ನೂ ಒಟ್ಟಿ, ವಿಮಾನದ ಇಂಧನ ಸುರಿದು ಸುಡುತ್ತಿದ್ದರು. ಕಪ್ಪು ಹೊಗೆ ಸೈನಿಕರು ಮಲಗುವ ಡೇರೆಗಳ ಮೇಲೂ ಹಾಯುತ್ತಿತ್ತು. ಇರಾಕ್ ಮತ್ತು ಅಫ್ಘಾನಿಸ್ತಾನದ ಬೇರೆ ಅನೇಕ ನೆಲೆಗಳಲ್ಲೂ ಇಂಥ ಗುಂಡಿಗಳಿದ್ದವು. ಜೊತೆಗೆ ಮರುಭೂಮಿಯ ಸಣ್ಣ ದೂಳು.

ಊರಿಗೆ ಮರಳಿದವರು ಮಾಜಿ ಸೈನಿಕರ ಇಲಾಖೆಗೆ, ಅಂದರೆ ಎಲ್ಲರೂ ಕರೆಯುವ ‘ವಿಎ’ಗೆ, ಅರ್ಜಿ ಹಾಕಿದರು. ಅಲ್ಲಿ ಮೂರು ಸಂಗತಿ ರುಜುವಾಗಬೇಕು: ಈಗ ಕಾಯಿಲೆ ಇದೆ, ಸೇವೆಯಲ್ಲಿದ್ದಾಗ ಅದಕ್ಕೆ ಕಾರಣವಾಗಬಲ್ಲ ಘಟನೆ ನಡೆದಿದೆ, ಎರಡಕ್ಕೂ ಸಂಬಂಧವಿದೆ. ಹೆಚ್ಚಿನವರು ಎಡವುತ್ತಿದ್ದುದು ಮೂರನೆಯದರಲ್ಲಿ. ಯುದ್ಧಭೂಮಿಯಲ್ಲಿ ಮೂಗು ಕಟ್ಟಿದೆ ಎಂದು ವೈದ್ಯರ ಮುಂದೆ ಸಾಲು ನಿಲ್ಲುವವರು ಯಾರು? ಹಾಗಾಗಿ ದಾಖಲೆಯೇ ಇರುತ್ತಿರಲಿಲ್ಲ. 2007ರಿಂದ 2020ರ ನಡುವೆ ಸುಡುಗುಂಡಿಯ ಹೊಗೆಯನ್ನು ಕಾರಣವಾಗಿ ಹೇಳಿದ ಸುಮಾರು 12,500 ಮಂದಿಯಲ್ಲಿ ಪರಿಹಾರ ಸಿಕ್ಕಿದ್ದು ಸುಮಾರು 2,800 ಜನರಿಗೆ.

ನ್ಯಾಯಾಲಯಗಳು ಆಗೊಮ್ಮೆ ಈಗೊಮ್ಮೆ ಇವರ ಕೈಹಿಡಿದವು. ಸೇವಾಕಾಲದ ವೈದ್ಯಕೀಯ ದಾಖಲೆ ಇಲ್ಲವೆಂಬ ಒಂದೇ ಕಾರಣಕ್ಕೆ ಸೈನಿಕನ ಮಾತನ್ನು ತಳ್ಳಿಹಾಕುವಂತಿಲ್ಲ ಎಂದು ಫೆಡರಲ್ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2006ರಲ್ಲಿ ಹೇಳಿತು. ಪರ ಮತ್ತು ವಿರುದ್ಧದ ಸಾಕ್ಷ್ಯ ಸರಿಸಮ ತೂಗಿದರೆ ಸಂಶಯದ ಲಾಭ ಸೈನಿಕನಿಗೇ ಸಲ್ಲಬೇಕೆಂಬುದು ಕಾನೂನಿನಲ್ಲಿ ಮೊದಲೇ ಇತ್ತು.

ದೊಡ್ಡ ಬದಲಾವಣೆ ಬಂದದ್ದು ಸಂಸತ್ತಿನಿಂದ. 2021ರ ಆಗಸ್ಟ್‌ನಲ್ಲಿ ವಿಎ ತಾನೇ ಒಂದು ಹೆಜ್ಜೆ ಮುಂದಿಟ್ಟು, ಸೇವೆ ಬಿಟ್ಟ ಹತ್ತು ವರ್ಷದೊಳಗೆ ಕಾಣಿಸಿಕೊಂಡ ಆಸ್ತಮಾ, ರೈನೈಟಿಸ್, ಸೈನಸೈಟಿಸ್ ಸೇವೆಯಿಂದಲೇ ಬಂದವು ಎಂದು ಒಪ್ಪಿಕೊಂಡಿತ್ತು. ಮರುವರ್ಷ ಜುಲೈ ಕೊನೆಯಲ್ಲಿ ಇನ್ನೂ ವಿಸ್ತಾರವಾದ ಮಸೂದೆ ಸೆನೆಟ್‌ನಲ್ಲಿ ಅಡ್ಡಿಗೆ ಸಿಲುಕಿದಾಗ ಮಾಜಿ ಸೈನಿಕರು ಸಂಸತ್ ಭವನದ ಮೆಟ್ಟಿಲ ಮೇಲೇ ಬಿಡಾರ ಹೂಡಿದರು. ಟಿವಿ ಹಾಸ್ಯಗಾರ ಜಾನ್ ಸ್ಟೀವರ್ಟ್ ಅವರ ಜೊತೆ ನಿಂತು ಸೆನೆಟರ್‌ಗಳನ್ನು ಝಾಡಿಸಿದರು. ಆಗಸ್ಟ್ 2ರಂದು ಮಸೂದೆ 86–11 ಮತಗಳಿಂದ ಗೆದ್ದಿತು. ಇದೇ ಪ್ಯಾಕ್ಟ್ ಕಾಯ್ದೆ. 2020ರಲ್ಲಿ ಶ್ವಾಸಕೋಶದ ಕ್ಯಾನ್ಸರಿನಿಂದ ತೀರಿಕೊಂಡ ಒಹಾಯೋದ ಸಾರ್ಜೆಂಟ್ ಹೀತ್ ರಾಬಿನ್ಸನ್ ಹೆಸರನ್ನು ಅದಕ್ಕಿಟ್ಟಿದ್ದಾರೆ.

ಈ ಕಾಯ್ದೆ ಹತ್ತು ವರ್ಷದ ಗಡುವನ್ನು ತೆಗೆದುಹಾಕಿತು. 1990ರ ಆಗಸ್ಟ್ 2ರ ನಂತರ ಇರಾಕ್, ಕುವೈತ್, ಸೌದಿ ಮೊದಲಾದ ಕಡೆ ಅಥವಾ 2001ರ ಸೆಪ್ಟೆಂಬರ್ 11ರ ನಂತರ ಅಫ್ಘಾನಿಸ್ತಾನ, ಸಿರಿಯಾ, ಯೆಮೆನ್ ಮುಂತಾದ ಕಡೆ ಕೆಲಸ ಮಾಡಿದವರಿಗೆ ದೀರ್ಘಕಾಲದ ಸೈನಸೈಟಿಸ್ ಇದ್ದರೆ, ಅದು ಸೇವೆಯಿಂದ ಬಂದದ್ದೆಂದೇ ಭಾವಿಸಲಾಗುತ್ತದೆ. ಸಂಬಂಧ ತೋರಿಸುವ ಹೊರೆ ಅವರ ಮೇಲಿಲ್ಲ. ಪಟ್ಟಿಯಲ್ಲಿಲ್ಲದ ಜಾಗದಲ್ಲಿ, ಉದಾಹರಣೆಗೆ ಅಮೆರಿಕದೊಳಗಿನ ನೆಲೆಯಲ್ಲಷ್ಟೇ ದುಡಿದವರಿಗೆ ಹಳೆಯ ಮೂರು ಮೆಟ್ಟಿಲು ಹಾಗೇ ಇವೆ.

ಕಾರಣದ ಜಗಳ ಹೀಗೆ ಬಹುಮಟ್ಟಿಗೆ ಮುಗಿಯಿತು. ಉಳಿದದ್ದು ಎಣಿಕೆಯ ಜಗಳ.

ಎಕ್ಸ್‌ರೇಯಲ್ಲಿ ಮಾತ್ರ ಕಾಣುವ ಸೈನಸೈಟಿಸ್‌ಗೆ ವಿಎ ಕೊಡುವುದು ಸೊನ್ನೆ. ತಲೆನೋವು, ನೋವು, ಕೀವು ಅಥವಾ ಹಕ್ಕಳೆಯೊಂದಿಗೆ ವರ್ಷಕ್ಕೆ ಮೂರರಿಂದ ಆರು ಸಲ ಕೆರಳಿದರೆ ಶೇ. 10, ಆರಕ್ಕಿಂತ ಹೆಚ್ಚಾದರೆ ಶೇ. 30. ಮತ್ತೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರೂ ಹೆಚ್ಚುಕಡಿಮೆ ಸದಾ ಕಾಡುತ್ತಿದ್ದರೆ ಶೇ. 50. ಇನ್ನೊಂದು ದಾರಿಯೂ ಉಂಟು: ಹಾಸಿಗೆ ಹಿಡಿಸುವಂಥ ತೀವ್ರ ಬಾಧೆ ವರ್ಷಕ್ಕೆ ಒಂದೆರಡು ಸಲ ಬಂದರೆ ಶೇ. 10, ಮೂರು ಅಥವಾ ಹೆಚ್ಚು ಸಲವಾದರೆ ಶೇ. 30. ಆದರೆ ಪ್ರತಿ ಸಲವೂ ವೈದ್ಯರು ನಾಲ್ಕರಿಂದ ಆರು ವಾರ ಆಂಟಿಬಯೋಟಿಕ್ ಕೊಟ್ಟಿರಬೇಕು.

ತೊಡಕಿರುವುದು ಈ ಕೊನೆಯ ಮಾತಿನಲ್ಲೇ. ನಿಯಮ 1996ರದ್ದು. ಈಗಿನ ವೈದ್ಯರು ಆಂಟಿಬಯೋಟಿಕ್ ಕೊಡಲು ಹಿಂದೆಮುಂದೆ ನೋಡುತ್ತಾರೆ. ಕೊಟ್ಟರೂ ಸಾಮಾನ್ಯವಾಗಿ ಐದರಿಂದ ಹತ್ತು ದಿನ. ಉಪ್ಪುನೀರಿನಿಂದ ಮೂಗು ತೊಳೆಯುವುದು, ಸ್ಟೀರಾಯ್ಡ್ ಸ್ಪ್ರೇ ಇವೇ ಮೊದಲ ಮದ್ದು. ಒಳ್ಳೆಯ ಚಿಕಿತ್ಸೆ ಪಡೆದವನು ನಿಯಮದ ಕಣ್ಣಿಗೆ ಅಷ್ಟೇನೂ ನರಳದವನಂತೆ ಕಾಣುವುದು ಹೀಗೆ. ಹಾಗಾಗಿ ಹೆಚ್ಚಿನವರಿಗೆ ಉಳಿಯುವುದು ಸಲ ಎಣಿಸುವ ದಾರಿಯೊಂದೇ.

ಎಣಿಸಬೇಕೆಂದರೆ ಬರೆದಿಟ್ಟಿರಬೇಕು. ಯಾವ ದಿನ ಶುರುವಾಯಿತು, ಎಷ್ಟು ದಿನ ಇತ್ತು, ಕೀವಿತ್ತೇ, ಕೆಲಸಕ್ಕೆ ರಜೆ ಹಾಕಿದ್ದುಂಟೇ ಎಂದು ನಮೂದಿಸಿದ ಡೈರಿ, ಔಷಧದಂಗಡಿಯ ರಸೀದಿ, ಕಚೇರಿಯ ರಜಾ ದಾಖಲೆ, ಸಿ.ಟಿ. ಸ್ಕ್ಯಾನ್ ವರದಿ, ಕಣ್ಣಾರೆ ಕಂಡ ಹೆಂಡತಿಯ ಅಥವಾ ಸಹೋದ್ಯೋಗಿಯ ಹೇಳಿಕೆ ಇವೆಲ್ಲ ಸಾಕ್ಷ್ಯವೇ. ತಲೆನೋವು, ಮೂಗು ಸುರಿಯುವುದು ಅನುಭವಿಸುವವನೇ ಹೇಳಬಲ್ಲ ಸಂಗತಿಗಳು, ಅದಕ್ಕೆ ವೈದ್ಯಕೀಯ ಪದವಿ ಬೇಕಿಲ್ಲ ಎಂಬುದನ್ನು ನ್ಯಾಯಾಲಯಗಳು ಒಪ್ಪಿವೆ. ವಿಎ ಏರ್ಪಡಿಸುವ ತಪಾಸಣೆಯ ದಿನ ಮೂಗು ಚೆನ್ನಾಗಿಯೇ ಇರಬಹುದು. ಪರೀಕ್ಷಕರು ಕೇಳಿದಾಗ ‘ಆಗಾಗ ಬರುತ್ತೆ’ ಎಂದು ಹೇಳಿ ಎದ್ದುಬಂದರೆ ಲೆಕ್ಕ ಅಲ್ಲಿಗೇ ಕೆಡುತ್ತದೆ, ಸಂಖ್ಯೆ ಹೇಳಬೇಕು.

ಒಂದಕ್ಕಿಂತ ಹೆಚ್ಚು ತೊಂದರೆ ಇದ್ದವರ ಶೇಕಡಾ ಅಂಕಗಳು ಕೂಡುವ ರೀತಿಯೂ ವಿಚಿತ್ರ. ಸೈನಸ್‌ಗೆ 30, ಕಿವಿ ಮೊರೆತಕ್ಕೆ 10 ಸಿಕ್ಕರೆ ಒಟ್ಟು ನೇರವಾಗಿ 40 ಅಲ್ಲ. ಮೊದಲ 30 ಕಳೆದು ಉಳಿದ 70ರಲ್ಲಿ ಶೇ. 10, ಅಂದರೆ 7. ಮೊತ್ತ 37, ಅದನ್ನು ಹತ್ತಿರದ ಹತ್ತಕ್ಕೆ ಏರಿಸಿ 40 ಮಾಡುತ್ತಾರೆ.

ತೀರ್ಮಾನ ಒಪ್ಪಿಗೆಯಾಗದಿದ್ದರೆ ಮುಂದೇನು? 2019ರ ಫೆಬ್ರುವರಿಯಿಂದ ಮೂರು ದಾರಿಗಳಿವೆ. ಹೊಸ ಸಾಕ್ಷ್ಯ ಸಿಕ್ಕಿದ್ದರೆ ಪೂರಕ ಅರ್ಜಿ. ಇದ್ದ ಸಾಕ್ಷ್ಯವನ್ನೇ ತಪ್ಪಾಗಿ ತೂಗಿದ್ದಾರೆ ಅನಿಸಿದರೆ ಹಿರಿಯ ಅಧಿಕಾರಿಯ ಮರುಪರಿಶೀಲನೆ. ಅಲ್ಲಿ ಹೊಸ ಕಾಗದ ಸೇರಿಸುವಂತಿಲ್ಲ. ಮೂರನೆಯದು ಮೇಲ್ಮನವಿ ಮಂಡಳಿ. ನ್ಯಾಯಾಧೀಶರ ಮುಂದೆ ಬಾಯಿಮಾತಿನಲ್ಲಿ ಹೇಳಿಕೊಳ್ಳುವ ಅವಕಾಶವೂ ಅಲ್ಲುಂಟು, ಆದರೆ ಕಾಯುವ ಕಾಲ ಉದ್ದ. ಅಲ್ಲೂ ಸೋತರೆ 120 ದಿನದೊಳಗೆ ಮಾಜಿ ಸೈನಿಕರಿಗೆಂದೇ ಇರುವ ಫೆಡರಲ್ ನ್ಯಾಯಾಲಯದ ಮೊರೆ ಹೋಗಬಹುದು. ಡಿಎವಿ, ಅಮೆರಿಕನ್ ಲೀಜನ್‌ನಂಥ ಮಾಜಿ ಸೈನಿಕರ ಸಂಘಗಳ ಮಾನ್ಯತೆ ಪಡೆದ ಪ್ರತಿನಿಧಿಗಳು ಅರ್ಜಿ ತುಂಬಲು ದುಡ್ಡು ಕೇಳುವುದಿಲ್ಲ. ವಕೀಲರು ಮೊದಲ ತೀರ್ಮಾನ ಬರುವ ಮುನ್ನ ಶುಲ್ಕ ಪಡೆಯುವಂತಿಲ್ಲ.

ಈ ಮೂರೂ ದಾರಿಗೆ ತೀರ್ಮಾನದ ಪತ್ರದ ದಿನದಿಂದ ಒಂದು ವರ್ಷದ ಅವಧಿ. ಅದರೊಳಗೆ ಮುಂದುವರಿಸಿ ಗೆದ್ದವರಿಗೆ ಸಾಮಾನ್ಯವಾಗಿ ಮೊದಲ ಅರ್ಜಿಯ ದಿನದಿಂದಲೇ ಬಾಕಿ ಹಣ ಸೇರುತ್ತದೆ. ವರ್ಷ ದಾಟಿದರೂ ಪೂರಕ ಅರ್ಜಿಯ ಬಾಗಿಲು ಮುಚ್ಚುವುದಿಲ್ಲ; ಆದರೆ ಹಣ ಎಣಿಕೆಯಾಗುವುದು ಆ ಹೊಸ ಅರ್ಜಿ ಕೊಟ್ಟ ದಿನದಿಂದ.