ಕಡಲಿಲ್ಲದ ಕೊಯಮತ್ತೂರಿನಿಂದ ಮರದ ಹಡಗಿನ ಜಾಡು ಹಿಡಿದು

ಕೊಯಮತ್ತೂರು: ಕೊಯಮತ್ತೂರಿಗೂ ತಿರುಪ್ಪೂರಿಗೂ ಕಡಲಿಲ್ಲ. ಮಗ್ಗ, ಮಿಲ್ಲು, ಪಂಪ್‌ಸೆಟ್ಟು, ಬನಿಯನ್ನು ಎಂದರೆ ಈ ಜಿಲ್ಲೆಗಳ ಹೆಸರು ನೆನಪಾಗುತ್ತದೆಯೇ ಹೊರತು ಹಡಗು ಎಂದರೆ ಅಲ್ಲ. ಆದರೂ ಮರದ ದೋಣಿಯ ಹುಚ್ಚಿರುವ ನೆಂಟರು ರಜೆಗೆ ಬಂದರೆ ಅವರನ್ನು ಊಟಿ ಬಸ್ಸು ಹತ್ತಿಸಿ ಸುಮ್ಮನಾಗಬೇಕಿಲ್ಲ. ಹಡಗಿಗೆ ಮರ ಕೊಟ್ಟ ಕಾಡು ಪೊಳ್ಳಾಚಿಯ ಪಕ್ಕದಲ್ಲೇ ಇದೆ. ಮರದ ಹಡಗು ಕಟ್ಟುವ ಕಡಲತಡಿಗೆ ಬೆಳಗ್ಗೆ ರೈಲು ಹತ್ತಿದರೆ ಮಧ್ಯಾಹ್ನದೊಳಗೆ ಮುಟ್ಟಬಹುದು.

ಕಾಡಿನಿಂದಲೇ ಶುರು ಮಾಡುವುದು ಚೆಂದ. ಆನೆಮಲೆಯ ಟಾಪ್‌ಸ್ಲಿಪ್ಪಿಗೆ ಎಲ್ಲರೂ ಆನೆ ನೋಡಲು ಹೋಗುತ್ತಾರೆ, ಹೆಸರು ಹೇಗೆ ಬಂತು ಅಂತ ಕೇಳುವವರು ಕಡಿಮೆ. ಬೆಟ್ಟದ ತುದಿಯಿಂದ ತೇಗದ ದಿಮ್ಮಿಗಳನ್ನು ಇಳಿಜಾರಿನಲ್ಲಿ ಜಾರಿಸಿ ಕೆಳಗೆ ಬಿಡುತ್ತಿದ್ದ ಜಾಗ ಅದು. ಜಾರಿದ ಮರ ಎಲ್ಲಿಗೆ ಹೋಗುತ್ತಿತ್ತು? ಒಂದು ಪಾಲು ಮುಂಬಯಿಯ ಹಡಗು ಕಟ್ಟೆಗೆ. 1840ರ ದಶಕದ ಕೊನೆಯಲ್ಲಿ ಜೇಮ್ಸ್ ಮೈಕೆಲ್ ಎಂಬ ಸೇನಾಧಿಕಾರಿಯನ್ನು ಮದರಾಸು ಸರಕಾರ ಈ ಕಾಡಿಗೆ ಕಳಿಸಿದ್ದೇ ಆ ಕೆಲಸಕ್ಕೆ. ತೇಗದ ಮರದಲ್ಲಿ ಎಣ್ಣೆಯಂಶವಿದೆ, ನೀರಿಗೆ ಬೇಗ ಕೊಳೆಯುವುದಿಲ್ಲ, ಹುಳು ಹಿಡಿಯುವುದೂ ಕಡಿಮೆ. ಮುಂಬಯಿಯಲ್ಲಿ ವಾಡಿಯಾ ಮನೆತನದವರು 1817ರಲ್ಲಿ ಮಲಬಾರಿನ ತೇಗದಿಂದ ಕಟ್ಟಿದ ‘ಟ್ರಿಂಕೋಮಲಿ’ ಎಂಬ ಯುದ್ಧನೌಕೆ ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇನ್ನೂ ನೀರಿನ ಮೇಲೆ ತೇಲುತ್ತಿದೆ. ಇನ್ನೂರು ವರ್ಷ ದಾಟಿತು!

ಕಡಿದಷ್ಟು ಕಡಿದ ಮೇಲೆ ಕಾಡು ಬರಿದಾಯಿತು. 20ನೇ ಶತಮಾನದ ಮೊದಲ ದಶಕಗಳಲ್ಲಿ ಇಲ್ಲಿಗೆ ಬಂದ ಅರಣ್ಯಾಧಿಕಾರಿ ಹ್ಯೂಗೊ ವುಡ್ ತೇಗವನ್ನು ಮತ್ತೆ ಬೆಳೆಸಿದರು. ಕೈಕೋಲಿನಿಂದ ನೆಲ ಚುಚ್ಚಿ ಬೀಜ ಹಾಕುತ್ತ ನಡೆಯುತ್ತಿದ್ದರು ಎಂಬ ಮಾತು ಈಗಲೂ ಅಲ್ಲಿ ಕೇಳಿಬರುತ್ತದೆ. ಅವರ ಸಮಾಧಿಯೂ ಅಲ್ಲೇ, ತೇಗದ ನೆರಳಲ್ಲಿ. ಟಾಪ್‌ಸ್ಲಿಪ್ ದಾಟಿದರೆ ಕೇರಳದ ಪರಂಬಿಕುಳಂ. ಅಲ್ಲಿ ತೂಣಕಡವಿನ ಹತ್ತಿರ ಕೊಡಲಿಗೆ ಸಿಗದೆ ಉಳಿದ ‘ಕನ್ನಿಮರ’ ಎಂಬ ತೇಗವಿದೆ. ಸುತ್ತಳತೆ ಸುಮಾರು 7 ಮೀಟರ್. ಹಿಂದೆ ಕಡಿಯಲು ಹೋದಾಗ ರಕ್ತ ಚಿಮ್ಮಿತು ಎನ್ನುವುದು ಊರಿನ ಕಥೆ. ಪೊಳ್ಳಾಚಿಯಿಂದ ಸೇತುಮಡೈ ಚೆಕ್‌ಪೋಸ್ಟ್ ದಾರಿ. ಬೇಸಿಗೆಯಲ್ಲಿ ಕಾಡ್ಗಿಚ್ಚು, ಮಳೆಗಾಲದಲ್ಲಿ ಗುಡ್ಡ ಕುಸಿತ ಎಂದು ಪ್ರವೇಶ ನಿಲ್ಲಿಸುವುದುಂಟು, ಹೊರಡುವ ಮುನ್ನ ವಿಚಾರಿಸಿಕೊಳ್ಳುವುದು ಒಳ್ಳೇದು.

ಇನ್ನು ಕಡಲು. ಕಲ್ಲಿಕೋಟೆಯಿಂದ ದಕ್ಷಿಣಕ್ಕೆ ಸುಮಾರು 10 ಕಿ.ಮೀ. ದೂರದಲ್ಲಿ ಚಾಲಿಯಾರ್ ನದಿ ಸಮುದ್ರ ಸೇರುವ ಬೇಪೂರು. ಕೊಯಮತ್ತೂರಿನಿಂದ ಮಂಗಳೂರು ಕಡೆಗೆ ಹೋಗುವ ಗಾಡಿ ಹಿಡಿದು, ಫೆರೋಕ್‌ನಲ್ಲಿ ನಿಂತರೆ ಅಲ್ಲೇ ಇಳಿಯಬೇಕು. ಇಲ್ಲವಾದರೆ ಕಲ್ಲಿಕೋಟೆಯಲ್ಲಿ ಇಳಿದು ಬಸ್ಸು. ಇದೇ ಚಾಲಿಯಾರ್ ಮೇಲ್ದಂಡೆಯ ನಿಲಂಬೂರಿನಲ್ಲಿ 1840ರ ದಶಕದಲ್ಲಿ ಮಲಬಾರ್ ಕಲೆಕ್ಟರ್ ಕಾನಲಿ ಬೆಳೆಸಿದ ತೇಗದ ತೋಟವಿದೆ, ತೇಗಕ್ಕೆಂದೇ ಒಂದು ಮ್ಯೂಸಿಯಂ ಇದೆ. ಒಂದು ದಿನ ಹೆಚ್ಚಿಗೆ ಇದ್ದರೆ ಶೊರನೂರಿನಲ್ಲಿ ಇಳಿದು ನಿಲಂಬೂರು ರೈಲು ಹಿಡಿಯಬಹುದು. ಹಿಂದೆ ನಾಟಾ ಹೊಳೆಯಲ್ಲೇ ತೇಲಿಕೊಂಡು ಕೆಳಗೆ ಬರುತ್ತಿತ್ತು.

ಬೇಪೂರಿನಲ್ಲಿ ಕಟ್ಟುವ ದೊಡ್ಡ ಮರದ ಹಡಗಿಗೆ ‘ಉರು’ ಎಂದು ಹೆಸರು. ಶತಮಾನಗಳಿಂದ ಅರಬರು ಬಂದು ಕಟ್ಟಿಸಿಕೊಂಡು ಹೋಗುತ್ತಿದ್ದ ಹಡಗು ಇದು. ನೋಡುವವರಿಗೆ ಮೊದಲ ಆಶ್ಚರ್ಯ, ಕಾಗದದ ನಕ್ಷೆ ಇಲ್ಲ. ಲೆಕ್ಕವೆಲ್ಲ ಮೇಸ್ತ್ರಿಯ ತಲೆಯಲ್ಲಿ. ಬೆನ್ನೆಲುಬಿನಂಥ ತಳಮರ ಇಟ್ಟು, ಹೊರಹಲಗೆಗಳನ್ನು ಬಾಗಿಸಿ ಜೋಡಿಸುತ್ತಾ ಹೋಗಿ, ಒಳಗಿನ ಪಕ್ಕೆಮರಗಳನ್ನು ಆಮೇಲೆ ಕೂರಿಸುವುದು ಇಲ್ಲಿಯ ಹಳೆಯ ಪದ್ಧತಿ. ಹಲಗೆ ಹಲಗೆಯ ನಡುವಿನ ಸಂದಿಗೆ ಹತ್ತಿ ಒತ್ತಿ ನೀರು ನುಗ್ಗದಂತೆ ಮಾಡುತ್ತಾರೆ. ತಿರುಪ್ಪೂರಿನವರು ಇಲ್ಲಿ ಒಂದು ಕ್ಷಣ ನಿಂತು ನೋಡಬೇಕು, ಹತ್ತಿಗೆ ಇಂಥದ್ದೂ ಒಂದು ಕೆಲಸವಿದೆ ಅಂತ.

ಕಟ್ಟಿ ಮುಗಿದ ಹಡಗನ್ನು ನೀರಿಗೆ ಇಳಿಸುವುದು ಖಲಾಸಿಗಳ ಕೆಲಸ. ಹಗ್ಗ, ರಾಟೆ, ಉರುಳುಮರ, ಜೊತೆಗೆ ತಾಳ ಹಿಡಿದು ಕೂಗುವ ಹಾಡು. ಇವರ ಕೈಬಲ ನಮ್ಮ ದಾರಿಗೂ ಸಂಬಂಧಪಟ್ಟಿದ್ದು. ಬೆಂಗಳೂರಿನಿಂದ ತಿರುಪ್ಪೂರು, ಕೊಯಮತ್ತೂರು ಮಾರ್ಗವಾಗಿ ಹೋಗುತ್ತಿದ್ದ ಐಲೆಂಡ್ ಎಕ್ಸ್‌ಪ್ರೆಸ್ 1988ರ ಜುಲೈ 8ರಂದು ಕೊಲ್ಲಂ ಬಳಿಯ ಪೆರುಮಣ್ ಸೇತುವೆಯಿಂದ ಅಷ್ಟಮುಡಿ ಕಾಯಲಿಗೆ ಬಿದ್ದು ನೂರಕ್ಕೂ ಹೆಚ್ಚು ಜನ ಸತ್ತರು. ನೀರಿಗೆ ಬಿದ್ದ ಬೋಗಿಗಳನ್ನು ಎಳೆಯಲು ಕೊನೆಗೆ ಬಂದವರು ಮಲಬಾರಿನ ಇದೇ ಖಲಾಸಿಗಳು.

ಆದರೆ ಕೆಲಸ ಮೊದಲಿನಷ್ಟಿಲ್ಲ. ಕಬ್ಬಿಣದ ಹಡಗು, ಫೈಬರ್ ದೋಣಿ ಬಂದ ಮೇಲೆ ಸರಕಿಗಾಗಿ ಉರು ಕೇಳುವವರು ಕಡಿಮೆಯಾದರು. ಕೊಲ್ಲಿ ದೇಶಗಳ ಸಿರಿವಂತರು ವಿಹಾರಕ್ಕೆಂದು ಆರ್ಡರ್ ಕೊಟ್ಟರೆ ಉಂಟು. ಕಟ್ಟೆಯಲ್ಲಿ ಹಡಗೇ ಇಲ್ಲದ ಕಾಲವೂ ಬರುತ್ತದೆ. ಆದ್ದರಿಂದ ‘ಮುಂದಿನ ವರ್ಷ ಹೋದರಾಯಿತು’ ಎನ್ನುವ ಪೈಕಿಯ ಪ್ರವಾಸ ಇದಲ್ಲ. ವಿದ್ಯೆ ಪೂರ್ತಿ ಹೋಗಿಲ್ಲ ಎನ್ನುವುದಕ್ಕೂ ಸಾಕ್ಷಿ ಇದೆ: ಕೇರಳದ ಕುಶಲಕರ್ಮಿಗಳು ಬಾಬು ಶಂಕರನ್ ಮುಂದಾಳತ್ವದಲ್ಲಿ ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ‘ಕೌಂಡಿನ್ಯ’ ಹಡಗು 2025ರ ಮೇ ತಿಂಗಳಲ್ಲಿ ನಮ್ಮ ಕಾರವಾರದಲ್ಲೇ ನೌಕಾಪಡೆಗೆ ಸೇರಿತು. ಆ ಡಿಸೆಂಬರಿನಲ್ಲಿ ಪೋರಬಂದರಿನಿಂದ ಹೊರಟು ಮಸ್ಕತ್ತಿಗೆ ಹಾಯಿಯ ಮೇಲೆಯೇ ಹೋಯಿತು.

ದೂರ ಹೋಗಲಾಗದ ವಯಸ್ಸಾದವರು, ಮಕ್ಕಳು ಇದ್ದರೆ ಜಿಲ್ಲೆಯೊಳಗೇ ಹರಿಗೋಲು ಇದೆ. ತಮಿಳಿನಲ್ಲಿ ಪರಿಸಲ್. ಬಿದಿರಿನ ಸೀಳು ಹೆಣೆದ ದೊಡ್ಡ ಬುಟ್ಟಿ. ಹಿಂದೆ ಚರ್ಮ ಹೊದಿಸುತ್ತಿದ್ದರು, ಆಮೇಲೆ ಟಾರು, ಪ್ಲಾಸ್ಟಿಕ್ ಹಾಳೆ ಬಂತು. ಕಾರಮಡೈಯಿಂದ ವೆಳ್ಳಿಯಂಗಾಡು ಮಾರ್ಗವಾಗಿ ಹೋದರೆ ಪಿಲ್ಲೂರು ಅಣೆಕಟ್ಟಿನ ಹಿನ್ನೀರಿನ ಬರಳಿಕಾಡು. ಅಲ್ಲಿ ಅರಣ್ಯ ಇಲಾಖೆ ಇರುಳರ ಊರಿನವರನ್ನು ಸೇರಿಸಿಕೊಂಡು ಹರಿಗೋಲು ಸವಾರಿ ನಡೆಸುತ್ತದೆ. ಮೊದಲೇ ಬುಕ್ ಮಾಡಬೇಕು. ಊಟಕ್ಕೆ ಊರ ಹೆಂಗಸರು ಮಾಡಿದ ಅಡುಗೆ, ಅದರಲ್ಲಿ ರಾಗಿ ಕಳಿ, ಅಂದರೆ ನಮ್ಮ ಮುದ್ದೆ.

ಇನ್ನೊಂದು ಜಾಗ ಕನ್ನಡ ಮಾತಾಡುವ ದೇವಾಂಗ ನೇಕಾರರ ಸಿರುಮುಗೈ ಪಕ್ಕದಲ್ಲೇ ಇದೆ, ಆದರೆ ಅದು ಮೋಜಿನದಲ್ಲ. ಭವಾನಿಸಾಗರದಲ್ಲಿ ನೀರು ಏರಿದರೆ ಹಿನ್ನೀರು ಲಿಂಗಾಪುರ ಮತ್ತು ಗಂಧವಯಲ್ ನಡುವಿನ ತಗ್ಗು ಸೇತುವೆಯನ್ನು ನುಂಗುತ್ತದೆ. ಹಾಗಾದಾಗಲೆಲ್ಲ ಶಾಲೆ ಮಕ್ಕಳು, ಬಾಳೆಗೊನೆ, ರೋಗಿಗಳು ಎಲ್ಲ ದಾಟಿದ್ದು ಪರಿಸಲಿನಲ್ಲಿ, ಇಲ್ಲ ಮೋಟಾರು ದೋಣಿಯಲ್ಲಿ. ವರ್ಷಗಟ್ಟಲೆ ಕೇಳಿದ ಮೇಲೆ ಎತ್ತರದ ಸೇತುವೆಯ ಕೆಲಸ ಕೈಗೆತ್ತಿಕೊಳ್ಳಲಾಯಿತು. ಸೇತುವೆ ಬಂದರೆ ಪರಿಸಲ್ ಹೋಗುತ್ತದಲ್ಲ ಎಂದು ನೋಡಲು ಬಂದವರು ಮರುಗಬಹುದು, ದಾಟುವವರು ಮರುಗುವುದಿಲ್ಲ. ಅಲ್ಲಿಗೆ ಹೋದವರು ಕ್ಯಾಮೆರಾ ತೆಗೆಯುವ ಮೊದಲು ಜಾಗ ಬಿಟ್ಟುಕೊಡಿ, ಶಾಲೆಗೆ ಹೋಗುವವರು ಮೊದಲು ಹತ್ತಲಿ.