ಕೇಳಿದ್ದು ಕೂಪೆ, ಬಂದದ್ದು ಹೈಬ್ರಿಡ್

ಕಾರ್ತಿಕ ಮಾಸದ ಕೊನೆಯ ಶುಕ್ರವಾರ ನಮ್ಮ ಮನೆಗೆ ಹೊಸ ಕಾರು ಬಂದಿತು. ಮಾರ್ಗಳಿ ಹುಟ್ಟಿದ ಮೇಲೆ ಹೊಸ ವಸ್ತುವನ್ನು ಹೊಸ್ತಿಲಿಗೆ ತರಬಾರದೆಂಬುದು ಅತ್ತೆಯವರ ಕಟ್ಟಪ್ಪಣೆ. ಆದುದರಿಂದ ನಮಗೆ ಬೇಕಾದ ಬಣ್ಣಕ್ಕಾಗಿ ಕಾಯದೆ, ಸಿಕ್ಕಿದ ಬಿಳಿಯ ಬಣ್ಣವನ್ನೇ ಒಪ್ಪಿಕೊಂಡು ತಂದೆವು. ಅಂದಿನಿಂದ ಇಂದಿನವರೆಗೆ ಅದು 2,600 ಕಿಲೋಮೀಟರು ಓಡಿದೆ. ಅಷ್ಟು ದೂರವನ್ನೂ ಓಡಿಸಿದವಳು ನಾನೇ. ತಾಳವಾಡಿಯ ತವರಿನವರೂ ಹೊಸೂರಿನ ನೆಂಟರೂ ದೂರವಾಣಿಯಲ್ಲಿ ಕೇಳುವ ಪ್ರಶ್ನೆ ಒಂದೇ: ‘ಹೈಬ್ರಿಡ್ ಹೇಗಿದೆ? ನಾವೂ ಕೊಳ್ಳಬಹುದೆ?’ ಒಬ್ಬೊಬ್ಬರಿಗೂ ಬೇರೆ ಬೇರೆಯಾಗಿ ಉತ್ತರ ಹೇಳುವುದಕ್ಕಿಂತ, ಅವರೆಲ್ಲರ ಮನೆಗೂ ತಲಪುವ ಈ ಪತ್ರಿಕೆಯಲ್ಲಿ ಬರೆಯುವುದೇ ಲೇಸೆಂದು ತೋರಿತು.

ಓದುಗರಲ್ಲಿ ಅನೇಕರು ನಮ್ಮ ಊರನ್ನು ಕಂಡಿರಲಾರರು. ಓಡೈಪಟ್ಟಿಯು ತೇನಿ ಜಿಲ್ಲೆಯ ಉತ್ತಮಪಾಳ್ಯ ತಾಲ್ಲೂಕಿನಲ್ಲಿ, ಚಿನ್ನಮನೂರಿನ ಸಮೀಪದಲ್ಲಿರುವ ಪಟ್ಟಣ ಪಂಚಾಯಿತಿ. ಬೀಜವಿಲ್ಲದ ದ್ರಾಕ್ಷಿಗೆ ಹೆಸರಾದ ಸ್ಥಳ. ಕಂಬಂ ಕಣಿವೆಯ ಈ ಭಾಗದ ಎಷ್ಟೋ ಮನೆಗಳಲ್ಲಿ ತಲೆಮಾರುಗಳಿಂದ ಕನ್ನಡವೇ ಮನೆಮಾತು. ಆದರೆ ಅದು ನಾಲಿಗೆಯ ಮೇಲಿನ ಕನ್ನಡ, ಓದುಬರಹವೆಲ್ಲ ತಮಿಳಿನಲ್ಲಿ. ನಾನು ತಾಳವಾಡಿಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಓದಿ ಇಲ್ಲಿಗೆ ಸೊಸೆಯಾಗಿ ಬಂದವಳಾದ್ದರಿಂದ, ಈ ಪತ್ರಿಕೆಯನ್ನು ಮನೆಮಂದಿಗೆಲ್ಲ ಓದಿ ಹೇಳುವ ಕೆಲಸ ನನ್ನದು.

ಕಾರು ಕೊಳ್ಳಬೇಕಾಗಿ ಬಂದ ಸಂದರ್ಭವು ಸಂತೋಷದ್ದಲ್ಲ. ನಮ್ಮ ಯಜಮಾನರು ಇಪ್ಪತ್ತು ವರ್ಷ ಬೋಡಿಯಿಂದ ಏಲಕ್ಕಿ ತೋಟಗಳಿಗೆ ಜೀಪು ಓಡಿಸಿದವರು. ಬೆಳಗಿನ ಜಾವ ಕೂಲಿಯವರನ್ನು ತುಂಬಿಕೊಂಡು ಬೋಡಿಮೆಟ್ಟನ್ನು ಹತ್ತುವುದು, ಸಂಜೆ ಇಳಿಯುವುದು, ಇದೇ ಅವರ ಬದುಕಾಗಿತ್ತು. ದ್ರಾಕ್ಷಿ ತೋಟವನ್ನು ನೋಡಿಕೊಳ್ಳಲು ಜೀಪು ಬಿಟ್ಟರು. ಆಮೇಲೆ ಸಕ್ಕರೆ ಕಾಯಿಲೆಯು ಕಣ್ಣಿಗೆ ಇಳಿಯಿತು. ತಿಂಗಳಿಗೊಮ್ಮೆ ಮಧುರೆಗೆ ಹೋಗಿ ಕಣ್ಣಿಗೆ ಚುಚ್ಚುಮದ್ದು ಹಾಕಿಸಿಕೊಳ್ಳಬೇಕು. ಎದುರಿನಿಂದ ಬರುವ ದೀಪಗಳು ಅವರಿಗೆ ಬರಿಯ ಬೆಳಕಿನ ಮುದ್ದೆಗಳಾದ ದಿನ, ಮನೆಯ ಹಳೆಯ ವಾಹನದ ಕೀಲಿಯನ್ನು ತಾವೇ ತಂದು ನನ್ನ ಕೈಗಿಟ್ಟು, ‘ಇನ್ನು ನೀನೇ ಕಲಿ’ ಎಂದರು. ಐವತ್ತರ ಹೊಸ್ತಿಲಲ್ಲಿ ನಾನು ಚಿನ್ನಮನೂರಿನ ಮೈದಾನದಲ್ಲಿ ಎಂಟರ ಆಕಾರ ಸುತ್ತಿ ಪರವಾನಗಿ ಪಡೆದೆ. ಕ್ಲಚ್ಚು ಮಾತ್ರ ಕೊನೆಯವರೆಗೂ ನನ್ನ ಕಾಲಿಗೆ ಒಗ್ಗಲಿಲ್ಲ.

ಹೊಸ ಕಾರಿನ ಮಾತು ಎದ್ದಾಗ ಚೆನ್ನೈಯಲ್ಲಿ ಕೆಲಸದಲ್ಲಿರುವ ಮಗನು ಒಂದು ಚಿತ್ರವನ್ನು ಕಳುಹಿಸಿದನು. ಎರಡೇ ಬಾಗಿಲು, ನೆಲಕ್ಕಂಟಿದ ಮೈ, ಹಿಂದಕ್ಕೆ ಜಾರಿದ ಮಾಡು. ಬಿಎಂಡಬ್ಲ್ಯು ಐ8 ಎಂಬ ಹೈಬ್ರಿಡ್ ಸ್ಪೋರ್ಟ್ಸ್ ಕೂಪೆ. 2015ರಲ್ಲಿ ಭಾರತಕ್ಕೆ ಬಂದಾಗ ಅದರ ಬೆಲೆ 2 ಕೋಟಿ 29 ಲಕ್ಷ ರೂಪಾಯಿ. ಮುಂದಿನ ಗಾಲಿಗಳನ್ನು ವಿದ್ಯುತ್ ಮೋಟಾರು, ಹಿಂದಿನ ಗಾಲಿಗಳನ್ನು 1.5 ಲೀಟರಿನ ಪುಟ್ಟ ಪೆಟ್ರೋಲ್ ಎಂಜಿನ್ ತಿರುಗಿಸುವ ಆ ಕಾರು ನಾಲ್ಕೂವರೆ ಸೆಕೆಂಡಿನೊಳಗೆ 100 ಕಿಲೋಮೀಟರ್ ವೇಗವನ್ನು ಮುಟ್ಟುತ್ತಿತ್ತು. 2020ರಲ್ಲಿ ಅದರ ತಯಾರಿಕೆಯೇ ನಿಂತಿತು. ಜಪಾನಿನ ಹೋಂಡಾದವರು 2010ರಲ್ಲಿ ಸಿಆರ್-ಝಡ್ ಎಂಬ ಅಗ್ಗದ ಹೈಬ್ರಿಡ್ ಕೂಪೆಯನ್ನು ಮಾಡಿದ್ದರು, ಅದು ನಮ್ಮ ದೇಶದ ಮಾರುಕಟ್ಟೆಗೆ ಬರಲೇ ಇಲ್ಲ. ಕೂಪೆ ಎಂಬುದು ಫ್ರೆಂಚ್ ಮಾತು, ‘ಕತ್ತರಿಸಿದ್ದು’ ಎಂದು ಅರ್ಥ. ಕುದುರೆ ಸಾರೋಟಿನ ಒಂದು ಸಾಲು ಆಸನವನ್ನು ಕತ್ತರಿಸಿ ಗಿಡ್ಡ ಮಾಡಿದ ಗಾಡಿಗೆ ಆ ಹೆಸರಿತ್ತಂತೆ. ಇದನ್ನು ಅತ್ತೆಯವರಿಗೆ ವಿವರಿಸಿದಾಗ ಅವರು ಕೇಳಿದ್ದು ಒಂದೇ ಮಾತು: ‘ಕತ್ತರಿಸಿದ ಆ ಸಾಲಿನಲ್ಲಿ ತಾನೇ ನಾನು ಕೂರಬೇಕಾದದ್ದು?’

ಅಲ್ಲಿಗೆ ಕೂಪೆಯ ಮಾತು ಮುಗಿಯಿತು. ಆದರೆ ಹೈಬ್ರಿಡ್ ಎಂಬ ಶಬ್ದ ಮನೆಯಲ್ಲೇ ಉಳಿಯಿತು. 2022ರಲ್ಲಿ ಮಾರುಕಟ್ಟೆಗೆ ಬಂದ ಟೊಯೊಟಾ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರ ಎಂಬ ಎರಡು ಕಾರುಗಳು ಬೆಂಗಳೂರು–ಮೈಸೂರು ಹೆದ್ದಾರಿಯ ಬಿಡದಿಯಲ್ಲಿ, ಒಂದೇ ಕಾರ್ಖಾನೆಯಲ್ಲಿ ತಯಾರಾದ ಅವಳಿಗಳು. ನಾವು ಕೊಂಡದ್ದು ಅವುಗಳಲ್ಲಿ ಒಂದನ್ನು. ಯಾವುದೆಂದು ಹೇಳಿ ಯಾರ ಜಾಹೀರಾತನ್ನೂ ಮಾಡಲಾರೆ. ಎರಡರ ಯಂತ್ರವೂ ಒಂದೇ.

ಕೊಳ್ಳುವ ಅನುಭವದ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕಾರನ್ನು ಓಡಿಸುವವಳು ನಾನೆಂದು ಮೂರು ಸಲ ಹೇಳಿದರೂ ಅಂಗಡಿಯ ಹುಡುಗನು ಪ್ರತಿ ಪ್ರಶ್ನೆಗೂ ಯಜಮಾನರ ಮುಖವನ್ನೇ ನೋಡಿ ಉತ್ತರಿಸಿದನು. ಅವರಿಗೋ ಅವನ ಮುಖ ಸ್ಪಷ್ಟವಾಗಿ ಕಾಣುತ್ತಿರಲಿಲ್ಲ.

ಲೆಕ್ಕವನ್ನು ಮಾತ್ರ ಮುಚ್ಚಿಡದೆ ಹೇಳಬೇಕು. ವಿದ್ಯುತ್ ಕಾರಿಗೆ ಜಿಎಸ್‌ಟಿ ಶೇಕಡ 5. ನಮ್ಮಂಥ ಹೈಬ್ರಿಡ್ಡಿಗೆ 2025ರ ಸೆಪ್ಟೆಂಬರ್ 22ರಿಂದ ಶೇಕಡ 40. ಅದರ ಮೇಲೆ, 10 ಲಕ್ಷದಿಂದ 20 ಲಕ್ಷದವರೆಗಿನ ಕಾರಿಗೆ ತಮಿಳುನಾಡಿನ ಆಜೀವ ರಸ್ತೆ ತೆರಿಗೆ ಶೇಕಡ 18. ಎಲ್ಲವೂ ಸೇರಿ ಕಾರು ಕೈಗೆ ಬರುವಷ್ಟರಲ್ಲಿ ವೆಚ್ಚವು 20 ಲಕ್ಷದ ಅಂಚಿಗೆ ಬಂದಿತು. ಇದೇ ಕಾರಿನ ಸಾಧಾರಣ ಪೆಟ್ರೋಲ್ ಮಾದರಿಗಿಂತ ಸುಮಾರು ಮೂರೂವರೆ ಲಕ್ಷ ಹೆಚ್ಚು. ನಾವು ವರ್ಷಕ್ಕೆ 15,000 ಕಿಲೋಮೀಟರು ಓಡುತ್ತೇವೆಂದುಕೊಳ್ಳಿ. ಸಾಧಾರಣ ಕಾರು ಲೀಟರಿಗೆ 15 ಕೊಟ್ಟರೆ 1,000 ಲೀಟರು ಬೇಕು. ಹೈಬ್ರಿಡ್ 22 ಕೊಟ್ಟರೆ ಸುಮಾರು 680 ಲೀಟರು. ವರ್ಷಕ್ಕೆ 320 ಲೀಟರು, ಎಂದರೆ ಮೂವತ್ತೆರಡು ಸಾವಿರ ರೂಪಾಯಿಯ ಉಳಿತಾಯ. ಮೂರೂವರೆ ಲಕ್ಷ ಹಿಂದಿರುಗಲು ಹತ್ತು ವರ್ಷ ದಾಟಬೇಕು. ಬ್ಯಾಟರಿಗೆ ಕಂಪನಿ ಕೊಡುವ ಭರವಸೆ ಎಂಟು ವರ್ಷದ್ದು. ಆದುದರಿಂದ, ಪೆಟ್ರೋಲು ಉಳಿಯುತ್ತದೆಂಬ ಒಂದೇ ಕಾರಣಕ್ಕೆ ಇದನ್ನು ಕೊಳ್ಳಹೊರಟವರು ದಯವಿಟ್ಟು ಕಾಗದ ಪೆನ್ನು ಹಿಡಿದು ಕುಳಿತುಕೊಳ್ಳಿರಿ. ದಿನವೂ ನೂರು ಕಿಲೋಮೀಟರು ಓಡುವವರಿಗೆ ಲೆಕ್ಕ ಬೇರೆ. ನಾವು ಕೊಂಡದ್ದು ಇದರಲ್ಲಿ ಕ್ಲಚ್ಚು ಇಲ್ಲವೆಂದು, ಮತ್ತು ಮಧುರೆಯ ದಾರಿಯಲ್ಲಿ ಎಲ್ಲಿ ಚಾರ್ಜು ಹಾಕುವುದೆಂಬ ಚಿಂತೆ ಬೇಡವೆಂದು.

ಮೊದಲ ದಿನ ಗುಂಡಿಯನ್ನು ಒತ್ತಿದಾಗ ಏನೂ ಆಗಲಿಲ್ಲ. ಹಲಗೆಯ ಮೇಲೆ ‘ರೆಡಿ’ ಎಂಬ ಅಕ್ಷರ ಬೆಳಗಿತು, ಅಷ್ಟೆ. ಎಂಜಿನ್ನಿನ ಸದ್ದಿಲ್ಲ. ಕೆಟ್ಟಿತೆಂದುಕೊಂಡು ನಾನು ಮತ್ತೊಮ್ಮೆ ಒತ್ತಿ ಅದನ್ನು ಆರಿಸಿಬಿಟ್ಟೆ. ಮೂರನೆಯ ಸಲಕ್ಕೆ ಧೈರ್ಯ ಮಾಡಿ ಬ್ರೇಕಿನಿಂದ ಕಾಲು ತೆಗೆದರೆ, ಕಾರು ತೆಪ್ಪದಂತೆ ಮೆಲ್ಲನೆ ಜಾರಿತು. ನಮ್ಮ ಓಣಿಯ ಮೇಕೆಗಳು ಇಂದಿಗೂ ಇದರ ಬರವನ್ನು ಅರಿಯವು. ಮುಟ್ಟುವಷ್ಟು ಹತ್ತಿರ ಬಂದ ಮೇಲೆ ಬೆಚ್ಚಿ ಚದುರುತ್ತವೆ.

ಒಳಗಿನ ಕೆಲಸವನ್ನು ಸರಳವಾಗಿ ಹೇಳುವುದಾದರೆ ಹೀಗೆ. ಮೂರು ಸಿಲಿಂಡರಿನ 1.5 ಲೀಟರ್ ಪೆಟ್ರೋಲ್ ಎಂಜಿನ್ ಒಂದು, ಗಾಲಿಯನ್ನು ತಿರುಗಿಸುವ ಮೋಟಾರು ಇನ್ನೊಂದು, ಇವೆರಡರ ಶಕ್ತಿಯನ್ನು ಹಂಚುವ ಹಲ್ಲುಚಕ್ರಗಳ ಜೋಡಣೆ ನಡುವೆ. 1997ರ ಡಿಸೆಂಬರಿನಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ಪ್ರಿಯಸ್ ಕಾರಿನಿಂದ ಬೆಳೆದುಬಂದ ಕ್ರಮವಿದು. ನಿಧಾನದಲ್ಲಿ ಮೋಟಾರು ಮಾತ್ರ, ಭರದಲ್ಲಿ ಎರಡೂ. ಬ್ರೇಕು ತುಳಿದಾಗ ಮೋಟಾರೇ ಡೈನಮೋ ಆಗಿ, ಓಟದ ಶಕ್ತಿಯನ್ನು ವಿದ್ಯುತ್ತಾಗಿ ಬ್ಯಾಟರಿಗೆ ತುಂಬುತ್ತದೆ. ಹೊರಗಿನಿಂದ ಚಾರ್ಜು ಹಾಕುವ ಅಗತ್ಯವಿಲ್ಲ, ಹಾಕಲು ದಾರಿಯೂ ಇಲ್ಲ.

ತೇನಿಯ ಪೇಟೆಯಲ್ಲಿ ಇದರ ಗುಣ ತಿಳಿಯುತ್ತದೆ. ಬಸ್ಸುಗಳ ನಡುವೆ ಹತ್ತಡಿ ಚಲಿಸಿ ನಿಲ್ಲುವ, ಮತ್ತೆ ಹತ್ತಡಿ ಚಲಿಸುವ ಹೊತ್ತಿನಲ್ಲಿ ಎಂಜಿನ್ ಬಹುಪಾಲು ಮಲಗಿಯೇ ಇರುತ್ತದೆ. ಚಿನ್ನಮನೂರು, ವೀರಪಾಂಡಿ, ತೇನಿ ಈ ಸಮತಟ್ಟಿನ ದಾರಿಯಲ್ಲಿ ಲೀಟರಿಗೆ 24 ಸಿಕ್ಕಿದೆ. ಆಂಡಿಪಟ್ಟಿ ಕಣಿವೆ ದಾಟಿ ಉಸಿಲಂಪಟ್ಟಿಯ ಮೇಲೆ ಮಧುರೆಗೆ ಹೋಗಿ ಬಂದರೆ 22. ಕಂಪನಿಯ ಪತ್ರದಲ್ಲಿ ಅಚ್ಚಾದ 27.97 ಅನ್ನು ನಾನು ಇನ್ನೂ ಕಂಡಿಲ್ಲ. ಹಿಂದಿನ ಡಿಕ್ಕಿಯ ಜಾಗವನ್ನು ಬ್ಯಾಟರಿಯೇ ಸಾಕಷ್ಟು ತಿಂದುಬಿಟ್ಟಿದೆ, ದ್ರಾಕ್ಷಿಯ ಪೆಟ್ಟಿಗೆ ಎರಡಕ್ಕಿಂತ ಹೆಚ್ಚು ಹಿಡಿಯದು. ಇವು ಕೊಳ್ಳುವವರಿಗೆ ತಿಳಿದಿರಬೇಕಾದ ಮಾತುಗಳು.

ಪೊಂಗಲ್ ರಜೆಗೆ ತಾಳವಾಡಿಯಿಂದ ಅಣ್ಣನ ಮಗಳು ಬಂದಳು. ಹತ್ತನೆಯ ತರಗತಿ, ಕನ್ನಡ ಮಾಧ್ಯಮ. ಅವಳಿಗೆ ಬೋಡಿಮೆಟ್ಟನ್ನು ತೋರಿಸಬೇಕೆಂದು ಯಜಮಾನರೇ ಹೊರಡಿಸಿದರು. ಜೀಪು ಬಿಟ್ಟ ಮೇಲೆ ಅವರು ಆ ಘಾಟಿಯನ್ನು ಹತ್ತಿರಲಿಲ್ಲ. ನಾನು ಹುಟ್ಟಿ ಬೆಳೆದದ್ದು ದಿಂಬಂ ಘಾಟಿಯ 27 ತಿರುವುಗಳ ಮೇಲೆ, ಆದರೆ ಬಸ್ಸಿನ ಕಿಟಕಿಯ ಪಕ್ಕದಲ್ಲಿ. ಚಕ್ರ ಹಿಡಿದು ಘಾಟಿ ಹತ್ತಿದ್ದು ಇದೇ ಮೊದಲು.

ಬೋಡಿಮೆಟ್ಟಿಗೆ 17 ಹೇರ್‌ಪಿನ್ ತಿರುವುಗಳು. ಬೋಡಿ ಪಟ್ಟಣಕ್ಕಿಂತ ಸುಮಾರು 1,000 ಮೀಟರು ಮೇಲಕ್ಕೆ ದಾರಿ ಏರುತ್ತದೆ. ನಾಲ್ಕೈದು ತಿರುವುಗಳವರೆಗೆ ಮೋಟಾರು ಎಂಜಿನ್ನಿಗೆ ಹೆಗಲು ಕೊಟ್ಟಿತು. ಆಮೇಲೆ ಬ್ಯಾಟರಿಯ ಗೆರೆಗಳು ಒಂದೊಂದೇ ಅಳಿದು, ಎಂಜಿನ್ ಏಕಸ್ವರದಲ್ಲಿ ಹೂಂಕರಿಸತೊಡಗಿತು. ವೇಗ ಏರದಿದ್ದರೂ ಸದ್ದು ಏರುವುದು ಕೇಳಲು ಹಿತವಲ್ಲ. ‘ಪವರ್’ ಗುಂಡಿಯೊತ್ತಿ ಮುಂದಿದ್ದ ಜೀಪೊಂದನ್ನು ದಾಟಿದೆ. ಮಗನ ಕೂಪೆಯ ನೆನಪಾಗುವಷ್ಟು ಚುರುಕು ಒಂದು ಕ್ಷಣ ಬಂದುಹೋಯಿತು, ಅಷ್ಟೆ. ಏರುವಾಗ ಹಲಗೆಯು ತೋರಿದ ಮೈಲೇಜು ಲೀಟರಿಗೆ 10. ಯಜಮಾನರು ತಿರುವುಗಳನ್ನು ಕಾಣದೆಯೇ ಎಣಿಸುತ್ತಿದ್ದರು: ‘ಇದು ಒಂಬತ್ತು. ಇಲ್ಲಿ ಒಳಕ್ಕೆ ಒತ್ತಬೇಡ, ಹೊರಗಿನಿಂದ ತಿರುಗಿಸು.’ ಒಂದು ಸಲವೂ ಎಣಿಕೆ ತಪ್ಪಲಿಲ್ಲ.

ಇಳಿಯುವಾಗ ನಡೆದದ್ದನ್ನು ಮುಖ್ಯವಾಗಿ ಹೇಳಬೇಕು. ಇಳಿಜಾರಿನಲ್ಲೆಲ್ಲ ಬ್ಯಾಟರಿ ತುಂಬುತ್ತಾ ಹೋಗುವುದೆಂದು ನಾನು ಹಿಗ್ಗಿದ್ದೆ. ಮೇಲಿನಿಂದ ಐದನೆಯ ತಿರುವಿಗೆ ಗೆರೆಗಳೆಲ್ಲ ತುಂಬಿದವು. ಅದಾದ ಸ್ವಲ್ಪ ಹೊತ್ತಿಗೆ, ನಾನು ಪೆಡಲನ್ನು ಮುಟ್ಟದೆಯೇ ಇದ್ದರೂ, ಎಂಜಿನ್ ತಾನಾಗಿ ಅಬ್ಬರಿಸಿತು. ಯಜಮಾನರ ಕೈ ತಟ್ಟನೆ ಹ್ಯಾಂಡ್‌ಬ್ರೇಕನ್ನು ಹುಡುಕಿತು. ‘ಗೇರು ಬಿಟ್ಟಿತೇನು? ನಿಲ್ಲಿಸು, ನಿಲ್ಲಿಸು!’ ಎಂದರು. ಅಗಲವಾದ ಒಂದು ತಿರುವಿನಲ್ಲಿ ಕಾರನ್ನು ಬದಿಗೆ ತಂದು ನಿಲ್ಲಿಸಿದೆ. ನನ್ನ ಕೈಯೂ ನಡುಗುತ್ತಿತ್ತು.

ಹಿಂದಿನ ಆಸನದಲ್ಲಿ ಹುಡುಗಿ ಕಾರಿನ ಕೈಪಿಡಿಯನ್ನು ತೆರೆದಳು. ಅದು ಇಂಗ್ಲಿಷಿನಲ್ಲಿತ್ತು. ಎರಡು ಸಲ ಓದಿ, ನೋಟುಪುಸ್ತಕದ ಹಾಳೆಯಲ್ಲಿ ತನ್ನ ಪಾಠದ ಮಾತುಗಳಲ್ಲಿ ಬರೆಯತೊಡಗಿದಳು. ‘ಅತ್ತೆ, ಕಾರು ಮತ್ತು ನಾವು ನಾಲ್ವರು ಸೇರಿ 1,500 ಕಿಲೋಗ್ರಾಂ ಇರಲಿ. 1,000 ಮೀಟರ್ ಎತ್ತರದಲ್ಲಿ ನಮ್ಮ ಪ್ರಚ್ಛನ್ನ ಶಕ್ತಿ 1,500 ಗುಣಿಸು 9.8 ಗುಣಿಸು 1,000. ಒಂದು ಕೋಟಿ 47 ಲಕ್ಷ ಜೂಲ್. 36 ಲಕ್ಷ ಜೂಲಿಗೆ ಒಂದು ಯೂನಿಟ್. ಎಂದರೆ ನಾಲ್ಕು ಯೂನಿಟ್.’ ಕಾರಿನ ಬ್ಯಾಟರಿ ಹಿಡಿಯುವುದೋ 0.76 ಯೂನಿಟ್. ಅದನ್ನೂ ಪೂರ್ತಿ ಬರಿದಾಗಲು, ಪೂರ್ತಿ ತುಂಬಲು ಯಂತ್ರವು ಬಿಡುವುದಿಲ್ಲ. ಇಳಿಯುವ ಶಕ್ತಿಯಲ್ಲಿ ಸ್ವಲ್ಪ ಗಾಳಿಗೂ ಗಾಲಿಯ ಉಜ್ಜಾಟಕ್ಕೂ ಹೋಗುತ್ತದೆ, ಆದರೂ ಉಳಿದದ್ದು ಆ ಪುಟ್ಟ ಬ್ಯಾಟರಿಗೆ ಹೊರಲಾರದ ಹೊರೆ. ‘ಕೆರೆ ತುಂಬಿತು, ಕೋಡಿ ಬಿದ್ದಿತು. ಹೆಚ್ಚಾದ ವಿದ್ಯುತ್ತಿನಿಂದ ಎಂಜಿನ್ನನ್ನು ಪೆಟ್ರೋಲಿಲ್ಲದೆ ಬರಿದೇ ತಿರುಗಿಸಿ ವೆಚ್ಚ ಮಾಡುತ್ತಿದೆ. ಅದೇ ಆ ಸದ್ದು’ ಎಂದಳು.

ಯಜಮಾನರು ಹಾಳೆಯತ್ತ ನೋಡಿದರು. ಅವರಿಗೆ ಕನ್ನಡದ ಅಕ್ಷರ ಬಾರದು, ಆ ಬೆಳಕಿನಲ್ಲಿ ಅಂಕಿಗಳೂ ಕಾಣವು. ಆದರೆ ‘ಕೋಡಿ’ ಎಂಬ ಮಾತು ಅರ್ಥವಾಯಿತು. ‘ಹಾಗಾದರೆ ಬ್ರೇಕನ್ನೇ ನಂಬಿ ಇಳಿಯಬೇಕೆ?’ ಎಂದು ಕೇಳಿದರು. ಗೇರಿನ ಸನ್ನೆಯ ಬಳಿ ಡಿ ಅಕ್ಷರದ ಕೆಳಗೆ ಬಿ ಎಂಬುದೊಂದಿದೆ, ಕಡಿದಾದ ಇಳಿಜಾರಿನಲ್ಲಿ ಅದಕ್ಕೆ ಹಾಕಿದರೆ ಎಂಜಿನ್ನೇ ಕಾರನ್ನು ಹಿಡಿದು ನಿಧಾನಿಸುತ್ತದೆಂದು ಹುಡುಗಿ ಓದಿ ಹೇಳಿದಳು. ಅವರು ಮೊದಲ ಬಾರಿಗೆ ನಕ್ಕರು. ‘ಏರಿದ ಗೇರಿನಲ್ಲೇ ಇಳಿ ಎಂದು ನನಗೆ ಜೀಪು ಕಲಿಸಿದವರು ಹೇಳಿದ್ದು ಇದನ್ನೇ ಅಲ್ಲವೇ? ಹಾಕು, ಹಾಕು’ ಎಂದರು.

ಬಿ ಅಕ್ಷರದಲ್ಲಿ ಉಳಿದ ತಿರುವುಗಳನ್ನು ಇಳಿದೆವು. ಸದ್ದು ಇದ್ದೇ ಇತ್ತು, ಈಗ ಅದು ಹೆದರಿಸಲಿಲ್ಲ. ಬ್ರೇಕಿನ ಮೇಲೆ ಕಾಲನ್ನು ಹಗುರವಾಗಿ ಇಟ್ಟರೆ ಸಾಕಾಗುತ್ತಿತ್ತು. ಘಾಟಿಯ ಊರುಗಳಲ್ಲಿರುವವರು, ವಿಶೇಷವಾಗಿ ದಿಂಬಂ ದಾರಿಯಲ್ಲಿ ಓಡಾಡುವ ನಮ್ಮ ತಾಳವಾಡಿಯವರು, ಈ ಕಾರನ್ನು ಕೊಂಡರೆ ಮೊದಲ ದಿನವೇ ಆ ಅಕ್ಷರದ ಉಪಯೋಗವನ್ನು ತಿಳಿದುಕೊಳ್ಳಿರಿ. ನಮಗೆ ಕಾರು ಕೊಟ್ಟ ಅಂಗಡಿಯಲ್ಲಿ ಹಾಡು ಹಾಕುವುದನ್ನು ಅರ್ಧ ಗಂಟೆ ತೋರಿಸಿದರು, ಇದನ್ನು ತೋರಿಸಲಿಲ್ಲ.

ಓಡೈಪಟ್ಟಿಯಿಂದ ಬೋಡಿಮೆಟ್ಟಿಗೆ ಹೋಗಿ ಮರಳಿ ಮನೆಗೆ ಬರುವಷ್ಟರಲ್ಲಿ ಒಟ್ಟು ಲೆಕ್ಕವು ಲೀಟರಿಗೆ 18 ಎಂದು ತೋರಿತು. ಹುಡುಗಿ ಹಾಳೆಯನ್ನು ಮಡಿಸಿ, ವಿಜ್ಞಾನದ ಮೇಷ್ಟ್ರಿಗೆ ತೋರಿಸುವೆನೆಂದು ಊರಿಗೆ ಒಯ್ದಳು. ಯಜಮಾನರು ಮರುದಿನ ಬೆಳಿಗ್ಗೆ ಬೋಡಿಯ ಹಳೆಯ ಜೀಪಿನ ಗೆಳೆಯರೊಬ್ಬರಿಗೆ ದೂರವಾಣಿ ಮಾಡಿ, ಕೆರೆ, ಕೋಡಿ, ಬಿ ಅಕ್ಷರ ಎಲ್ಲವನ್ನೂ ತಾವೇ ಕಂಡುಹಿಡಿದವರಂತೆ ಒಂದು ಗಂಟೆ ವಿವರಿಸಿದರು.

ಮಗನು ಚಿತ್ತಿರೈ ಮಾಸದಲ್ಲಿ ವೀರಪಾಂಡಿ ಜಾತ್ರೆಗೆ ಬರುತ್ತೇನೆಂದು ಬರೆದಿದ್ದಾನೆ. ಕಾರಿನ ಕೀಲಿಯನ್ನು ಒಂದು ದಿನ ತನಗೆ ಕೊಡಬೇಕಂತೆ, ಮೇಘಮಲೆಗೆ ಹೋಗಬೇಕಂತೆ. ಪಕ್ಕದಲ್ಲಿ ಅಪ್ಪನನ್ನು ಕೂರಿಸಿಕೊಂಡು ಹೋಗುವುದಾದರೆ ಕೊಡುತ್ತೇನೆಂದು ಉತ್ತರಿಸಿದ್ದೇನೆ.