ಕಟ್ ದಾಟಿದರಷ್ಟೇ ಕಾಸು

ನಮ್ಮ ಕಂಪಲಾಪುರದ ಕಡೆ ಗಾಲ್ಫ್ ಅಂದ್ರೆ ಶ್ರೀಮಂತರ ಆಟ. ನನಗಂತೂ ಅದು ತಂಬಾಕು ಬೇಸಾಯದ ಹಾಗೇ ಕಾಣುತ್ತೆ. ಸಸಿ, ಗೊಬ್ಬರ, ಬ್ಯಾರನ್ನಿಗೆ ಸೌದೆ ಎಲ್ಲಕ್ಕೂ ಮೊದಲೇ ಖರ್ಚು. ದುಡ್ಡು ಮಾತ್ರ ಹರಾಜಾದ ಮೇಲೆ.

2024ರಲ್ಲಿ ಶುರುವಾದ ಪಿಜಿಟಿಐ ನೆಕ್ಸ್‌ಜೆನ್, ಭಾರತದ ಮುಖ್ಯ ವೃತ್ತಿಪರ ಟೂರಿಗೆ ಹತ್ತುವ ಮೆಟ್ಟಿಲು. ಹುಡುಗರು ಊರೂರು ಸುತ್ತಬೇಕು. ಪ್ರಯಾಣ, ರೂಮು, ಕ್ಯಾಡಿಯ ಕೂಲಿ ಎಲ್ಲಾ ಕೈಯಿಂದಲೇ. ಮೊದಲ ಸುತ್ತುಗಳಲ್ಲಿ ಎಡವಿ ಕಟ್ ತಪ್ಪಿದರೆ ಬಹುಮಾನದಲ್ಲಿ ಬಿಡಿಗಾಸೂ ಇಲ್ಲ. ವರ್ಷದ ಕೊನೆಗೆ ಗಳಿಕೆ ಪಟ್ಟಿಯ ಮೇಲಿನವರಿಗಷ್ಟೇ ಮುಖ್ಯ ಟೂರಿನ ಕಾರ್ಡು. ನಮ್ಮ ಬೇಲು ‘ನೋ ಬಿಡ್’ ಆದ್ರೆ ಇನ್ನೊಂದು ದಿನ ಮತ್ತೆ ಇಡಬಹುದು. ಇಲ್ಲಿ ಆ ವಾರ ಹೋಯ್ತು ಅಂದ್ರೆ ಹೋಯ್ತು.

ಹಾಗಂತ ಶ್ರೀಮಂತರಷ್ಟೇ ಗೆದ್ದಿಲ್ಲ. ಬೆಂಗಳೂರಿನ ಸಿ. ಮುನಿಯಪ್ಪ ಕ್ಯಾಡಿಯಾಗಿ ಬೇರೆಯವರ ಬ್ಯಾಗು ಹೊತ್ತವರು. 2009ರ ಇಂಡಿಯನ್ ಓಪನ್ ಅವರದೇ.